ತಾತನ ಟ್ರಂಕಿನಲ್ಲಿ ಸಿಕ್ಕ ಉಗಿಬಂಡಿ ಫೋಟೋಗಳು: ಇದು ಅರಸೀಕೆರೆ ಸ್ಟೇಷನ್ನೇನಾ? ಎಲ್ಲರಿಗೂ ತೋರಿಸೋದು ಹೇಗೆ?

ಟ್ರಂಕ್ ತೆಗೆದವಳು

ನಮಸ್ಕಾರ. ರೈಲ್ವೆ ಗೊತ್ತಿರುವವರು, ಹಳೇ ಫೋಟೋ ಗೊತ್ತಿರುವವರು ಇಬ್ಬರೂ ಇಲ್ಲಿದ್ದೀರಿ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಅರಸೀಕೆರೆ ಲೋಕೋ ಶೆಡ್ಡಿನವರು, ಅಂದರೆ ರೈಲು ಇಂಜಿನ್ ನಿಲ್ಲಿಸಿ ನೋಡಿಕೊಳ್ಳುವ ಶೆಡ್ಡಿನಲ್ಲಿದ್ದವರು. ಕ್ಲೀನರ್ ಆಗಿ ಸೇರಿದರು, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು, ಡ್ರೈವರ್ ಆಗಿ ರಿಟೈರ್ ಆದರು. ಎಲ್ಲಾ ಮೀಟರ್ ಗೇಜು (ಎರಡು ಹಳಿ ನಡುವೆ ಒಂದೇ ಮೀಟರ್), ಎಲ್ಲಾ ಉಗಿ ಇಂಜಿನ್. ಡೀಸೆಲ್ ಮುಟ್ಟಲೇ ಇಲ್ಲ. "ಅದು ಬಸ್ಸು ಕಣೇ" ಅನ್ನುತ್ತಿದ್ದರು.

ಮಾವನ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ ಕಬ್ಬಿಣದ ಟ್ರಂಕ್ ಸಿಕ್ಕಿತು. ಡ್ಯೂಟಿಗೆ ಒಯ್ಯುತ್ತಿದ್ದ ಲೈನ್ ಬಾಕ್ಸ್ ಅಲ್ಲ, ಮನೆಯ ದೊಡ್ಡ ಟ್ರಂಕು. ಮೇಲೆ ಅಜ್ಜಿಯ ಸೀರೆ, ನಡುವೆ ಜಾತಕಗಳು, ತಳದಲ್ಲಿ ಫೋಟೋ. ಕೆಲವು ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿವೆ. ಕೆಲವು ಬಿಡಿ. ಒಂದು ಬಿಸ್ಕತ್ ಡಬ್ಬಿಯಲ್ಲಿ ನೆಗೆಟಿವ್ ಸುರುಳಿಗಳು. ಡಬ್ಬಿ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ.

ಮೂರು ಫೋಟೋ ಬಗ್ಗೆ ಕೇಳಬೇಕು.

ಮೊದಲನೆಯದು ದೊಡ್ಡದು, ದಪ್ಪ ರಟ್ಟಿಗೆ ಅಂಟಿಸಿದೆ. ಆಯುಧಪೂಜೆ ದಿನದ್ದು. ಇಂಜಿನ್ನಿಗೆ ಬಾಳೆಕಂದು ಕಟ್ಟಿ, ಮೂತಿಗೆ ವಿಭೂತಿ ಪಟ್ಟೆ ಬಳಿದು, ಚೆಂಡುಹೂವಿನ ಹಾರ ಹಾಕಿದ್ದಾರೆ. ಮುಂದೆ ಮೂರು ಸಾಲು ಜನ. ತಾತ ನಿಂತಿರುವ ಸಾಲಿನಲ್ಲಿ ಎಡಗಡೆ ಇದ್ದಾರೆ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾರೆ. ಇಂಜಿನ್ ನಂಬರ್ ಮೇಲೇ ಹಾರ ಬಿದ್ದಿದೆ. 2 ಅನ್ನುವ ಮೊದಲ ಅಂಕಿ ಮಾತ್ರ ಕಾಣುತ್ತದೆ.

ಎರಡನೆಯದು ಮದುವೆ ದಿಬ್ಬಣ. ಅಜ್ಜಿ ಮದುಮಗಳು, ತಾತ ಪಕ್ಕದಲ್ಲಿ. ಹಿಂದೆ ರೈಲು ಡಬ್ಬಿ. ಬಲಗಡೆ ಸ್ಟೇಷನ್ ಬೋರ್ಡ್ ಇದೆ, ಆದರೆ ಅರ್ಧಕ್ಕಿಂತ ಜಾಸ್ತಿ ಆಚೆ ಹೋಗಿದೆ. ಉಳಿದಿರೋದು ಕನ್ನಡದ "ರೆ", ಇಂಗ್ಲಿಷಿನ ಕೊನೆಯ ಮೂರು ಅಕ್ಷರ ಇ, ಆರ್, ಇ. ಮನೆಯಲ್ಲಿ ಎಲ್ಲರೂ ಇದು ಅರಸೀಕೆರೆ ಅಂತಲೇ ಹೇಳಿಕೊಂಡು ಬಂದಿದ್ದಾರೆ. ನನಗೆ ಯಾಕೋ ಅನುಮಾನ. ಅರಸೀಕೆರೆ ಇಷ್ಟು ಖಾಲಿ ಇರೋಕೆ ಸಾಧ್ಯಾನಾ?

ಮೂರನೆಯದು ಅಂಗೈಗಿಂತ ಚಿಕ್ಕದು, ಚೌಕ. ತಾತ ಇಂಜಿನ್ ಕಿಟಕಿಯಿಂದ ಆಚೆ ಬಾಗಿ ನಗುತ್ತಿದ್ದಾರೆ. ಭುಜದಲ್ಲಿ ದೊಡ್ಡ ಬಳೆಯಂಥದ್ದೊಂದು ನೇತಾಡುತ್ತಿದೆ. ಏನದು?

ಇನ್ನೊಂದು ವಿಷಯ, ಅದೇ ದೊಡ್ಡದು. ಇವನ್ನೆಲ್ಲಾ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಹಾಕಬೇಕು ಅಂತ ನನ್ನ ಆಸೆ. ಮಾವನಿಗೆ ಮನಸ್ಸಿಲ್ಲ. "ಮನೆ ಹೆಣ್ಮಕ್ಕಳ ಫೋಟೋನ ಊರ ಮುಂದೆ ಇಡ್ತೀಯಾ?" ಅಂತಾರೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕೋಕೂ ಆಗಲ್ಲ. ಹೋದ ವರ್ಷ ತಾತನ ಒಂದು ಫೋಟೋ ಒಂದು ಗ್ರೂಪಿಗೆ ಕಳಿಸಿದ್ದೆ. ಸ್ವಲ್ಪ ದಿನಕ್ಕೇ ಯಾವುದೋ ಪೇಜಿನವರು ತಾತನ ಎದೆ ಮೇಲೆ ತಮ್ಮ ಪೇಜಿನ ಹೆಸರು ಬರೆದು ಹಾಕಿಕೊಂಡಿದ್ದರು. ಕೆಳಗೆ "ಹುಬ್ಬಳ್ಳಿ, 1930" ಅಂತ ಬೇರೆ. 1930ರಲ್ಲಿ ನಮ್ಮ ತಾತ ತೊಟ್ಟಿಲಲ್ಲಿದ್ದರು!

ಏನು ಮಾಡಲಿ?

ಹಳೇ ಫೈರ್‌ಮನ್

ತಂಗಿ, ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀಯ. ನಾನು ಎಪ್ಪತ್ತರ ದಶಕದಲ್ಲಿ ಮೈಸೂರು ಕಡೆ ಫೈರ್‌ಮನ್ ಆಗಿ ಸೇರಿದವನು. ನಿಮ್ಮ ತಾತನಿಗಿಂತ ಒಂದು ತಲೆಮಾರು ಚಿಕ್ಕವನು. ಆದರೆ ಇಂಜಿನ್ ಅವೇ.

ಮೂರನೇ ಫೋಟೋದಿಂದ ಶುರು ಮಾಡ್ತೀನಿ, ಅದು ಸುಲಭ. ಅದು ಬೆತ್ತದ ರಿಂಗು. ಕೆಳಗೆ ಒಂದು ಚರ್ಮದ ಚೀಲ ಕಾಣಬೇಕು ನೋಡು. ಅದರೊಳಗೆ ಟೋಕನ್ ಇರುತ್ತದೆ. ಆಗ ನಮ್ಮದೆಲ್ಲ ಒಂಟಿ ಲೈನು. ಎರಡು ಸ್ಟೇಷನ್ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ಆ ಟೋಕನ್ ಯಾರ ಕೈಯಲ್ಲಿದೆಯೋ ಆ ಗಾಡಿಗೆ ಮಾತ್ರ ಲೈನು. ಒಂದು ಕಡೆಯ ಮಿಷನ್ನಿಂದ ಟೋಕನ್ ತೆಗೆದರೆ ಅದು ವಾಪಸ್ ಹೋಗೋ ತನಕ ಎರಡೂ ಕಡೆ ಇನ್ನೊಂದು ಟೋಕನ್ ಆಚೆ ಬರಲ್ಲ. ನಿಲ್ಲದ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ರಿಂಗ್ ಎತ್ತಿ ಹಿಡಿದು ನಿಂತಿರುತ್ತಿದ್ದ. ನಾವು ಹಳೇದನ್ನು ಎಸೆದು ಹೊಸದರೊಳಕ್ಕೆ ತೋಳು ತೂರಿಸಬೇಕು. ವೇಗ ಸ್ವಲ್ಪ ಜಾಸ್ತಿ ಇದ್ದರೆ ತೋಳು ಊದಿಕೊಳ್ಳೋದು. ರಾತ್ರಿ ಪಂಜು ಹಿಡಿದು ನಿಲ್ಲುತ್ತಿದ್ದರು. ನಿಮ್ಮ ತಾತ ಅದನ್ನು ಭುಜಕ್ಕೆ ಹಾಕಿಕೊಂಡು ನಗುತ್ತಿದ್ದಾರೆ ಅಂದರೆ ಗಾಡಿ ನಿಂತಿದೆ, ಪೋಸು ಕೊಟ್ಟಿದ್ದಾರೆ ಅಷ್ಟೆ.

ಮೊದಲನೇ ಫೋಟೋ. ಚಕ್ರ ಎಣಿಸು. ಪಕ್ಕದಿಂದ ಕಾಣುವ ದೊಡ್ಡ ಚಕ್ರ ಮೂರಾ, ನಾಲ್ಕಾ? ಅದರ ಮುಂದೆ ಸಣ್ಣ ಚಕ್ರ ಒಂದಾ, ಎರಡಾ? ಮೂರು ದೊಡ್ಡದು, ಮುಂದೆ ಎರಡು ಸಣ್ಣದು ಇದ್ದರೆ ಅದು ಹೆಚ್ಚಾಗಿ ವೈಪಿ, ಪ್ಯಾಸೆಂಜರ್ ಇಂಜಿನ್. ನಾಲ್ಕು ದೊಡ್ಡದು, ಮುಂದೆ ಒಂದು ಸಣ್ಣದು ಇದ್ದರೆ ಹೆಚ್ಚಾಗಿ ವೈಜಿ, ಗೂಡ್ಸ್ ಇಂಜಿನ್. ನಂಬರ್ 2ರಿಂದ ಶುರು ಅಂದಿದ್ದೀಯ. ವೈಪಿಗಳ ನಂಬರ್ 2000ದಿಂದ ಶುರುವಾಗುತ್ತಿತ್ತು. ಆದರೂ ಚಕ್ರ ಎಣಿಸಿ ಹೇಳು. ಅಂಕಿ ಕಣ್ಣಿಗೆ ಮೋಸ ಮಾಡಬಹುದು.

ಮುಂಭಾಗದಲ್ಲಿ ಡಿಕ್ಕಿಯ ಪೆಟ್ಟು ತಡೆಯುವ ಬಫರ್ ಒಂದೇ ಇದೆಯಾ, ನಡುವೆ? ಇದ್ದರೆ ಮೀಟರ್ ಗೇಜು. ಅಗಲ ಹಳಿಯ ಬ್ರಾಡ್ ಗೇಜಿಗೆ ಎರಡು ಪಕ್ಕ ಎರಡು ದುಂಡು ಬಫರ್ ಇರುತ್ತವೆ. ನಿಮ್ಮ ತಾತ ಅರಸೀಕೆರೆಯವರಾದ್ದರಿಂದ ಇದು ಗೊತ್ತಿರೋದೇ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಬರೆದೆ. ಊರು ಗೊತ್ತಿಲ್ಲದ ಫೋಟೋ ಸಿಕ್ಕಾಗ ನಾನು ಮೊದಲು ನೋಡೋದು ಅದನ್ನೇ.

ಇನ್ನೊಂದು. ಆ ಮೂರು ಸಾಲಿನಲ್ಲಿ ಕುರ್ಚಿ ಮೇಲೆ ಕೂತವರು ಫೋರ್‌ಮನ್ ಮತ್ತು ಡ್ರೈವರ್‌ಗಳು. ಹಿಂದೆ ನಿಂತವರು ಫೈರ್‌ಮನ್‌ಗಳು, ಫಿಟ್ಟರ್‌ಗಳು. ನೆಲದ ಮೇಲೆ ಕೂತವರು ಕ್ಲೀನರ್, ಖಲಾಸಿ. ಶೆಡ್ಡಿನ ಗ್ರೂಪ್ ಫೋಟೋ ಅಂದರೆ ಹಾಗೇ. ನಿಮ್ಮ ತಾತನಿಗೆ ಕುರ್ಚಿ ಸಿಕ್ಕಿಲ್ಲ, ನೆಲದಲ್ಲೂ ಕೂತಿಲ್ಲ. ಆಗ ಫೈರ್‌ಮನ್ ಆಗಿದ್ದರು ಅಂತ ಇಟ್ಟುಕೊ. ಅವರ ಸರ್ವಿಸ್ ಪೇಪರ್ ಏನಾದರೂ ಇದ್ದರೆ, ಯಾವಾಗ ಡ್ರೈವರ್ ಆದರು ನೋಡು. ಫೋಟೋ ಅದಕ್ಕಿಂತ ಹಿಂದಿನದು.

ಎರಡನೇ ಫೋಟೋ ಬಗ್ಗೆ ಒಂದು ಪ್ರಶ್ನೆ. "ಇ ಆರ್ ಇ" ಆದಮೇಲೆ ಬೋರ್ಡಿನಲ್ಲಿ ಜಾಗ ಖಾಲಿ ಇದೆಯಾ, ಬೋರ್ಡಿನ ಅಂಚು ಕಾಣುತ್ತಾ? ಪ್ಲಾಟ್‌ಫಾರಂ ಎತ್ತರ ಎಷ್ಟು?

ಟ್ರಂಕ್ ತೆಗೆದವಳು

ಅಯ್ಯೋ, ಎಷ್ಟು ಬೇಗ ಉತ್ತರ! ತುಂಬಾ ಥ್ಯಾಂಕ್ಸ್ ಸರ್.

ಭೂತಗನ್ನಡಿ ಹಿಡಿದು ನೋಡಿದೆ. ದೊಡ್ಡ ಚಕ್ರ ಮೂರು. ಮುಂದೆ ಸಣ್ಣದು ಒಂದು ಪೂರ್ತಿ ಕಾಣುತ್ತದೆ, ಇನ್ನೊಂದರ ಅರ್ಧ ಒಬ್ಬರ ಪಂಚೆ ಹಿಂದೆ ಇದೆ. ಬಫರ್ ನಡುವೆ ಒಂದೇ, ಅದಕ್ಕೂ ಕುಂಕುಮ ಇಟ್ಟಿದ್ದಾರೆ.

ಬೋರ್ಡಿನ ಬಲ ಅಂಚು ಚೆನ್ನಾಗಿ ಕಾಣುತ್ತದೆ, ಕಂಬಾನೂ ಕಾಣುತ್ತದೆ. ಕೊನೆಯ ಅಕ್ಷರ ಆದಮೇಲೆ ಏನೂ ಬರೆದಿಲ್ಲ. ಎಡಗಡೆ ಭಾಗಕ್ಕೆ ದೊಡ್ಡಜ್ಜನ ಪೇಟ ಅಡ್ಡ ಬಂದಿದೆ. ಪ್ಲಾಟ್‌ಫಾರಂ ಇದ್ದ ಹಾಗೇ ಇಲ್ಲ ಸರ್. ಎಲ್ಲರೂ ನೆಲದ ಮೇಲೆ, ಜಲ್ಲಿ ಪಕ್ಕದಲ್ಲೇ ನಿಂತಿದ್ದಾರೆ. ಡಬ್ಬಿಯ ಮೆಟ್ಟಿಲು ಅಜ್ಜಿಯ ಸೊಂಟದ ಹತ್ತಿರ ಇದೆ. ಡಬ್ಬಿ ಮೇಲೆ ಮೂರು ಉದ್ದ ಗೀಟು ಬರೆದಿದೆ.

ಹಳೇ ಫೈರ್‌ಮನ್

ಹಾಗಾದರೆ ಮೊದಲನೆಯದು ವೈಪಿ. ನಂಬರ್ 2ರಿಂದ ಶುರು ಆಗೋದೂ ಅದಕ್ಕೆ ಹೊಂದುತ್ತದೆ. ವೈಪಿ ನಮ್ಮ ದೇಶಕ್ಕೆ ಬಂದದ್ದು 1949ರಲ್ಲಿ, ಮೊದಲು ಅಮೆರಿಕದ ಬಾಲ್ಡ್‌ವಿನ್ ಕಂಪನಿಯಿಂದ. ಆಮೇಲೆ ಟಾಟಾದ ಟೆಲ್ಕೋ ಕಂಪನಿಯವರು ಜಮ್‌ಶೆಡ್‌ಪುರದಲ್ಲೇ ಮಾಡಿದರು, 1970ರ ತನಕ. ಆ ಪೇಜಿನವರು ಹಾಕಿಕೊಂಡದ್ದು ಇದೇ ಫೋಟೋ ಆದರೆ, 1930 ಅನ್ನೋದು ಸುಳ್ಳೇ ಸುಳ್ಳು.

ಎರಡನೆಯದು ಅರಸೀಕೆರೆ ಅಲ್ಲ ತಂಗಿ. ಅರಸೀಕೆರೆ ಜಂಕ್ಷನ್. ಹುಬ್ಬಳ್ಳಿ ಲೈನು, ಹಾಸನ ಮೈಸೂರು ಲೈನು ಸೇರೋ ಜಾಗ. ಬೋರ್ಡಿನಲ್ಲಿ ಹೆಸರಿನ ಪಕ್ಕ ಜಂಕ್ಷನ್ ಅಂತ ಇರಲೇಬೇಕು. ನಿಮ್ಮದರಲ್ಲಿ ಖಾಲಿ. ದಾವಣಗೆರೆಯೂ "ರೆ"ಯಲ್ಲೇ ಮುಗಿಯುತ್ತದೆ, ಅದು ಜಂಕ್ಷನ್ ಅಲ್ಲ. ಆದರೆ ಹತ್ತಿ ಗಿರಣಿಗಳಿದ್ದ ಅಷ್ಟು ದೊಡ್ಡ ಊರಿನಲ್ಲಿ ಜನ ಜಲ್ಲಿ ಪಕ್ಕ ನಿಂತು ರೈಲು ಹತ್ತುತ್ತಿರಲಿಲ್ಲ. ಇದು ಯಾವುದೋ ಸಣ್ಣ ಸ್ಟೇಷನ್. ಮೈಸೂರಿನಿಂದ ಹಾಸನಕ್ಕೆ ಬರುವಾಗ ಅಕ್ಕಿಹೆಬ್ಬಾಳು ಆದಮೇಲೆ ಮಂದಗೆರೆ, ಆಮೇಲೆ ಹೊಳೆನರಸೀಪುರ, ಆಮೇಲೆ ಮಾವಿನಕೆರೆ. ಮಂದಗೆರೆ, ಮಾವಿನಕೆರೆ ಎರಡೂ "ರೆ". ನಿಮ್ಮ ಅಜ್ಜಿಯ ತವರು ಎಲ್ಲಿ?

ಮೂರು ಗೀಟು ಅಂದರೆ ಥರ್ಡ್ ಕ್ಲಾಸು. 1974ರಲ್ಲಿ ಥರ್ಡ್ ಕ್ಲಾಸ್ ಅಂತ ಅನ್ನೋದನ್ನೇ ತೆಗೆದರು. ಅದಕ್ಕಿಂತ ಹಿಂದಿನದು ಅಂತ ಆಯಿತು.

ಹಾಸನದ ಸ್ಟುಡಿಯೋ ಮನೆ

ನಮ್ಮ ಅಪ್ಪ ಫೋಟೋ ಸ್ಟುಡಿಯೋ ಇಟ್ಟಿದ್ದರು. ನಾನು ಈಗ ಹಳೇ ಫೋಟೋ ಸ್ಕ್ಯಾನ್ ಮಾಡಿಕೊಡುವ ಕೆಲಸ ಮಾಡುತ್ತೇನೆ. ಫೈರ್‌ಮನ್ ಅಣ್ಣ ಇಂಜಿನ್ ನೋಡಿಕೊಂಡರು, ನಾನು ಕಾಗದ ನೋಡುತ್ತೇನೆ.

ಮೊದಲು ಆ ಬಿಸ್ಕತ್ ಡಬ್ಬಿ. ಹುಳಿ ವಾಸನೆ ಬರುತ್ತಿದೆ ಅಂದರೆ ನೆಗೆಟಿವ್‌ನ ಅಸಿಟೇಟ್ ಹಾಳೆ ಕೆಡುತ್ತಿದೆ. ಇದು ನಿಲ್ಲುವುದಿಲ್ಲ, ಪಕ್ಕದ ಒಳ್ಳೇ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಮುಚ್ಚಳ ಮುಚ್ಚಿಟ್ಟರೆ ಇನ್ನೂ ಜೋರಾಗುತ್ತದೆ. ಇವತ್ತೇ ಆಚೆ ತೆಗೆಯಿರಿ. ಒಂದೊಂದನ್ನೂ ಬೇರೆ ಬೇರೆ ಬಿಳಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ. ತಂಪಾದ, ಒಣಗಿದ ಜಾಗ ಬೇಕು. ಅಟ್ಟ ಬೇಡವೇ ಬೇಡ. ಸ್ಕ್ಯಾನ್ ಮಾಡುವುದಾದರೆ ಇವೇ ಮೊದಲು, ಪ್ರಿಂಟ್‌ಗಳು ಆಮೇಲೆ. ಪ್ರಿಂಟ್ ಇನ್ನೂ ಇಪ್ಪತ್ತು ವರ್ಷ ಕಾಯುತ್ತದೆ. ಇವು ಕಾಯುವುದಿಲ್ಲ.

ಚಿಕ್ಕ ಚೌಕ ಫೋಟೋ 120 ಫಿಲ್ಮ್‌ನ ಕಾಂಟ್ಯಾಕ್ಟ್ ಪ್ರಿಂಟ್ ಇರಬೇಕು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ. ಅಗ್ಫಾ ಕ್ಲಿಕ್ ಥ್ರೀ ತರಹದ ಕ್ಯಾಮೆರಾದಲ್ಲಿ ಒಂದು ಸುರುಳಿಗೆ ಹನ್ನೆರಡು ಫೋಟೋ ಬರುತ್ತಿತ್ತು. ಅದರಲ್ಲಿ ಓಡುವ ರೈಲು ತೆಗೆದರೆ ಬರೀ ಮಂಜು. ನಿಂತ ಗಾಡಿಯೇ ಬೇಕು. ಅದರ ನೆಗೆಟಿವ್ ಡಬ್ಬಿಯಲ್ಲೇ ಇರಬಹುದು, ಹುಡುಕಿ.

ದೊಡ್ಡ ಗ್ರೂಪ್ ಫೋಟೋ ಬೇರೆ ಕತೆ. ಅದು ಸ್ಟುಡಿಯೋದವರು ಮುಕ್ಕಾಲಿ ಹಾಕಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ದೊಡ್ಡ ಪ್ಲೇಟಿನಲ್ಲಿ ತೆಗೆದದ್ದು. ಅಂಥ ಫೋಟೋದಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ಅಡಗಿರುತ್ತದೆ. 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿ ಬರುವ ಹಾಗೆ, ಸ್ಕ್ಯಾನ್ ಮಾಡಿಸಿ. ಹಾರದ ಸಂದಿಯಲ್ಲಿ ಉಳಿದ ಅಂಕಿಗಳು ಕಂಡರೂ ಕಾಣಬಹುದು. ಬೇರೆ ಪ್ರಿಂಟ್‌ಗಳಿಗೆ 600 ಸಾಕು. ವಿವರ ಕಳೆದುಕೊಳ್ಳದ ಟಿಫ್ ಫೈಲ್ ಆಗಿ ಇಟ್ಟುಕೊಳ್ಳಿ, ಹಂಚಲು ಜೆಪೆಗ್ ಮಾಡಿಕೊಳ್ಳಿ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಹಿಂದೆ ಸ್ಟುಡಿಯೋ ಸೀಲು ಇದ್ದು ವಿಳಾಸದಲ್ಲಿ "ಮೈಸೂರು ಸ್ಟೇಟ್" ಅಂತ ಇದ್ದರೆ 1973ರ ನವೆಂಬರ್‌ಗಿಂತ ಹಿಂದಿನದು ಅಂತ ಧೈರ್ಯವಾಗಿ ಹೇಳಬಹುದು. ಹಳೇ ಸೀಲನ್ನೇ ಒತ್ತುತ್ತಿದ್ದ ನಮ್ಮಪ್ಪನಂಥವರೂ ಇದ್ದರು ಬಿಡಿ.

ಕಪ್ಪು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳಬೇಡಿ. ಪುಟ ಪೂರ್ತಿ ಹಾಗೇ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿದ್ದು ಏನಾದರೂ ಇದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. ನೀರು ಹಾಕಿ ಬಿಡಿಸುತ್ತೇನೆ ಅಂತ ಹೋದವರ ಮನೆಯಲ್ಲಿ ಈಗ ಬರೀ ಗಾಜಿದೆ. ಹಿಂದೆ ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನು ಮುಂದಿನ ಮುಖದ ಮೇಲೆ ಗೀರಾಗಿ ಮೂಡುತ್ತದೆ. ಲ್ಯಾಮಿನೇಷನ್ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ.

ಘಾಟ್ ಕೆಳಗಿನವ

ಫೈರ್‌ಮನ್ ಅವರು ರಿಂಗ್ ಬಗ್ಗೆ ಬರೆದದ್ದು ಓದಿ ಖುಷಿ ಆತು. ನಾನು ಹುಬ್ಬಳ್ಳಿಯಾಂವ. ನಮ್ಮಪ್ಪ ಕ್ಯಾಸಲ್‌ರಾಕ್‌ನಲ್ಲಿ ಸ್ಟೇಷನ್ ಕ್ಲಾರ್ಕ್ ಆಗಿದ್ದರು. 1961ರ ತನಕ ಅಲ್ಲಿಂದ ಕೆಳಗೆ ಗೋವಾ ಅಂದರೆ ಪೋರ್ಚುಗೀಸರ ರಾಜ್ಯ. ಕಸ್ಟಮ್ಸ್‌ನವರು ಪ್ರತಿ ಗಂಟು ಬಿಚ್ಚಿಸುತ್ತಿದ್ದರಂತೆ. ಘಾಟಿನ ಏರು 37ಕ್ಕೆ 1, ಅಂದರೆ 37 ಅಡಿ ಹೋದರೆ ಒಂದು ಅಡಿ ಮೇಲೆ. ಮುಂದೊಂದು ಇಂಜಿನ್ ಎಳೆಯಬೇಕು, ಹಿಂದಿನಿಂದ ಬ್ಯಾಂಕರ್ ಇಂಜಿನ್ ದೂಡಬೇಕು.

ನಮ್ಮ ಮನ್ಯಾಗೂ ಅಂಥ ಒಂದು ಗ್ರೂಪ್ ಫೋಟೋ ಐತಿ ನೋಡ್ರಿ. ಬ್ಯಾಂಕರ್ ಇಂಜಿನ್ ಮುಂದೆ ಸ್ಟಾಫ್ ಎಲ್ಲಾ ನಿಂತಾರ. ಇಂಜಿನ್ ಬಗ್ಗೆ ಎಲ್ಲಾ ಹೇಳಬಲ್ಲೆ, ರೈಲು ಹುಚ್ಚಿನ ಗೆಳೆಯರು ಹೇಳಿಕೊಟ್ಟಾರ. ಮುಖಗಳ ಪೈಕಿ ನಮ್ಮಪ್ಪನದು ಬಿಟ್ಟರೆ ಒಂದರ ಹೆಸರೂ ಗೊತ್ತಿಲ್ಲ. ಅಪ್ಪ ಇದ್ದಾಗ ಆ ಫೋಟೋ ಗೋಡೆ ಮೇಲೇ ಇತ್ತು. ದಿನಾ ನೋಡೋ ಫೋಟೋ ಬಗ್ಗೆ ಯಾರು ಕೇಳ್ತಾರ?

ಅದಕ್ಕ ಒಂದು ಮಾತು. ಆ ಕಾಲದಲ್ಲಿ ರೈಲ್ವೆ ಸ್ಟೇಷನ್, ಸೇತುವೆ ಫೋಟೋ ತೆಗೆಯಲು ಅನುಮತಿ ಬೇಕಿತ್ತು. ಅನುಮತಿ ತೊಗೊಂಡು ತೆಗೆದವರು ಹೆಚ್ಚಾಗಿ ಹೊರಗಿನ ರೈಲು ಪ್ರೇಮಿಗಳು. ಅವರ ಫೋಟೋದಾಗ ಇಂಜಿನ್ ಚೊಕ್ಕ ಬರತದ, ನಂಬರ್ ಸಮೇತ. ಡ್ರೈವರ್ ಅಂದರೆ ಕಿಟಕಿಯಾಗ ಒಂದು ಕಪ್ಪು ಚುಕ್ಕಿ. ನಿಮ್ಮ ಟ್ರಂಕಿನ ಫೋಟೋ ಉಲ್ಟಾ. ನಂಬರ್ ಹಾರದ ಹಿಂದ ಹೋಗೇತಿ, ಮುಖ ಎಲ್ಲಾ ಕಾಣಸ್ತಾವ. ಇಂಜಿನ್ ಗುರುತು ನಾಳೆ ಯಾರಾದರೂ ಹಿಡೀತಾರ, ಅವಸರ ಇಲ್ಲ. ಆ ಮೂರು ಸಾಲಿನವರ ಹೆಸರು ಹೇಳೋರು ಅರಸೀಕೆರೆಯಲ್ಲಿ ಇನ್ನೂ ಯಾರಾದರೂ ಇದ್ದರೆ ಮೊದಲು ಅವರ ಮನೆಗೆ ಹೋಗ್ರಿ. ಸ್ಕ್ಯಾನರ್ ಆಮೇಲೆ ತೊಗೊಂಡರಾತು.

ಮತ್ತ ಹಾಕುವಾಗ ಅಂಚು ಕತ್ತರಿಸಬ್ಯಾಡ್ರಿ. ಬೋರ್ಡಿನ ಖಾಲಿ ಅಂಚು ಕಂಡದ್ದಕ್ಕೇ ಅಲ್ವಾ ಅರಸೀಕೆರೆ ಅಲ್ಲ ಅಂತ ಗೊತ್ತಾಗಿದ್ದು?

ಪಿಕ್ಸೆಲ್ ಪುಟ್ಟ

ಎಐನಲ್ಲಿ ಕಲರ್ ಮಾಡಿ ಹಾಕಿ ಅಕ್ಕ. ಎರಡು ನಿಮಿಷದ ಕೆಲಸ, ಫ್ರೀ. ಬ್ಲ್ಯಾಕ್ ಅಂಡ್ ವೈಟ್ ಯಾರೂ ನಿಂತು ನೋಡಲ್ಲ. ಮಸುಕಾಗಿರೋ ಬೋರ್ಡನ್ನೂ ಶಾರ್ಪ್ ಮಾಡಿಕೊಡುತ್ತೆ.

ಹಾಸನದ ಸ್ಟುಡಿಯೋ ಮನೆ

ಪುಟ್ಟ, ಮನೆಯವರು ನೋಡಲು ಒಂದು ಕಾಪಿ ಕಲರ್ ಮಾಡಿಕೊಂಡರೆ ಯಾರೂ ಬೇಡ ಅನ್ನಲ್ಲ. ಆದರೆ ಬೋರ್ಡು ಶಾರ್ಪ್ ಆಗುತ್ತದೆ ಅಂದೆಯಲ್ಲ, ಅಲ್ಲೇ ಎಡವಟ್ಟು. ಅದು ಇಲ್ಲದ್ದನ್ನು ಊಹಿಸಿ ಬರೆಯುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಪ್ಪಿಸಿಕೊಳ್ಳುತ್ತದೆ. ಕನ್ನಡದ "ರೆ" ಹೋಗಿ ಜಿಲೇಬಿ ಆಗಿರುತ್ತದೆ. ಮುಖಗಳೂ ಅಷ್ಟೇ, ನುಣ್ಣಗೆ ಮಾಡಿ ಬೇರೆ ಯಾರನ್ನೋ ಕೂರಿಸುತ್ತದೆ. ಹೆಸರು ಗುರುತಿಸಲು ಹಿರಿಯರ ಮುಂದೆ ಅಂಥ ಫೋಟೋ ಇಟ್ಟರೆ ಅವರು ಪಾಪ ಏನು ಹೇಳಬೇಕು?

ಹಳೇ ಫೈರ್‌ಮನ್

ನನ್ನ ಮೊಮ್ಮಗ ಒಂದು ಸಲ ಮಾಡಿ ತೋರಿಸಿದ. ಕರೀ ಇಂಜಿನ್ನಿಗೆ ಹಸಿರು ಬಂದಿತ್ತು. ನನ್ನ ಕೈಗೆ ಗುಲಾಬಿ ಬಣ್ಣ. ಸಿಂಗರೇಣಿ ಕಲ್ಲಿದ್ದಲು ಎತ್ತಿ ಹಾಕಿದ ಕೈ ಯಾವತ್ತು ಗುಲಾಬಿ ಇತ್ತಪ್ಪಾ!

ಕಾಗದ ಪತ್ರ

ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ವಕೀಲಿ ಮಾಡುತ್ತೇನೆ.

ಹಕ್ಕು ಯಾರದು ಅನ್ನೋದು ಒಂದು, ಹಾಕಬಹುದಾ ಅನ್ನೋದು ಇನ್ನೊಂದು. ಈಗಿನ ಕೃತಿಸ್ವಾಮ್ಯ ಕಾಯ್ದೆ 1957ರದು, ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಅದಕ್ಕೂ ಮುಂಚೆ ತೆಗೆದ ಫೋಟೋಗಳಿಗೆ ಹಳೇ ಕಾನೂನಿನ ಪ್ರಕಾರ ನೆಗೆಟಿವ್ ಆದಾಗಿನಿಂದ 50 ವರ್ಷ. ಆ ಅವಧಿ ಎಂದೋ ಮುಗಿದಿದೆ. ಅವು ಎಲ್ಲರ ಸೊತ್ತು.  ಆಮೇಲಿನ ಫೋಟೋಗಳಲ್ಲಿ, ಸ್ಟುಡಿಯೋದವರಿಗೆ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ತೆಗೆಸಿದವರದು. ತಾತ ತಮ್ಮದೇ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಅದು ತಾತನದು, ಅವರ ನಂತರ ವಾರಸುದಾರರೆಲ್ಲರದು. ಅಂದರೆ ನಿಮ್ಮ ಅಮ್ಮನದೂ ಹೌದು, ಮಾವನದೂ ಹೌದು. ಅವರನ್ನು ಬಿಟ್ಟು ನೀವೊಬ್ಬರೇ ತೀರ್ಮಾನ ಮಾಡುವ ಹಾಗಿಲ್ಲ.

ಮಾವನ ಮಾತು ಕಾನೂನಿನ ಮಾತಲ್ಲ. ಆದರೂ ತೂಕದ ಮಾತು. ಮದುವೆ ಫೋಟೋದಲ್ಲಿ ಬದುಕಿರುವವರು ಯಾರಾದರೂ ಇದ್ದರೆ ಅವರನ್ನೇ ಕೇಳಿ. ಕುಟುಂಬದ ಹೆಣ್ಣುಮಕ್ಕಳ ಬಗ್ಗೆ ಮಾವನ ಒಪ್ಪಿಗೆಗಿಂತ ಆ ಹೆಣ್ಣುಮಕ್ಕಳ ಒಪ್ಪಿಗೆ ದೊಡ್ಡದು.

ಕದ್ದು ಹಾಕಿಕೊಳ್ಳುವವರ ವಿಷಯ. ಫೋಟೋ ಮೇಲೆ ಅಡ್ಡಡ್ಡ ಹೆಸರು ಬರೆಯುವುದರಿಂದ ಏನೂ ಪ್ರಯೋಜನ ಇಲ್ಲ, ಅಳಿಸುತ್ತಾರೆ. ಕೆಳಗೆ ಒಂದು ಬಿಳಿ ಪಟ್ಟಿ ಸೇರಿಸಿ. ಅದರಲ್ಲಿ ಊರು, ಸುಮಾರು ಕಾಲ, ಇಂಜಿನ್ ಯಾವುದು, ಯಾರ ಮನೆಯ ಸಂಗ್ರಹ ಅಂತ ಕನ್ನಡದಲ್ಲೇ ಬರೆಯಿರಿ. ಸರಿಯಾದ ವಿವರ ಇರುವ ಫೋಟೋ ಒಂದು ಕಡೆ ನೆಲೆ ನಿಂತರೆ, ಸುಳ್ಳು ವಿವರ ಹಾಕಿದವರಿಗೆ ತೋರಿಸಲು ಅದೇ ಸಾಕ್ಷಿ.

ಮೂಲ ಪ್ರತಿಗಳನ್ನು ಯಾರಿಗೂ ಕೊಡಬೇಡಿ, ಸ್ಕ್ಯಾನ್ ಕೊಡಿ. ಮೈಸೂರಿನ ರೈಲು ಮ್ಯೂಸಿಯಂ 1979ರದು, ಅಲ್ಲಿ ಫೋಟೋ ಗ್ಯಾಲರಿಯೇ ಇದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಶುರುವಾಗಿದೆ. ಕೊಡುವಾಗ ಒಂದು ಪತ್ರ ಬರೆದು ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ಟ್ರಂಕ್ ತೆಗೆದವಳು

ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ತಡ ಆಯಿತು, ಆದರೆ ಬರೆಯೋಕೆ ಬೇಕಾದಷ್ಟಿದೆ.

ಫೈರ್‌ಮನ್ ಸರ್, ಅಜ್ಜಿಯ ತವರು ಹೊಳೆನರಸೀಪುರದ ಕಡೆ ಒಂದು ಹಳ್ಳಿ! ನಿಮ್ಮ ಪ್ರಶ್ನೆ ಓದಿ ಮೈ ಜುಂ ಅಂತು. ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಹಾಸನದಲ್ಲಿದ್ದಾರೆ. ಫೋಟೋದಲ್ಲಿ ಲಂಗ ಹಾಕಿಕೊಂಡು ಅಜ್ಜಿಯ ಸೆರಗು ಹಿಡಿದು ನಿಂತಿರೋ ಹುಡುಗಿ ಅವರೇ. ಫೋಟೋ ಎತ್ತಿಕೊಂಡು ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಳ್ಳುವ ಮೊದಲೇ "ಮಾವಿನಕೆರೆ ಟೇಸನ್ನು" ಅಂದರು. ಅರಸೀಕೆರೆ ಅಂತ ಯಾರು ಹೇಳಿದ್ದು ಅಂತ ನನ್ನನ್ನೇ ಬೈದರು. ಮದುವೆ ಆದ ಮಾರನೇ ದಿನ ಹೆಣ್ಣನ್ನು ಅರಸೀಕೆರೆಗೆ ಕಳಿಸಲು ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿಗೆ ಬಂದಿದ್ದಂತೆ. ಅಳಿಯ ರೈಲ್ವೆಯವನು ಅಂತ ಡ್ರೈವರ್ ಗಾಡಿಯನ್ನು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿಸಿಕೊಂಡ, ಅದಕ್ಕೇ ಫೋಟೋ ತೆಗೆಯೋಕೆ ಆಗಿದ್ದು, ಇದು ಚಿಕ್ಕಜ್ಜಿಯ ಮಾತು. ಗಾರ್ಡು ಸೀಟಿ ಊದೀ ಊದೀ ಸಾಕಾದನಂತೆ. ರೈಲ್ವೆಯವರು ಇದನ್ನು ಓದಿ ಈಗ ಮೆಮೊ ಕೊಡದಿದ್ದರೆ ಸಾಕು.

ಮನೆಯವರೆಲ್ಲ ಯಾಕೆ ಅರಸೀಕೆರೆ ಅಂದುಕೊಂಡರು ಅನ್ನೋದೂ ಗೊತ್ತಾಯಿತು. ಆಲ್ಬಮ್ಮಿನಲ್ಲಿ ಆ ಪುಟದ ಕೆಳಗೆ ತಾತ ಬಿಳಿ ಪೆನ್ಸಿಲ್‌ನಲ್ಲಿ "ಅರಸೀಕೆರೆಗೆ" ಅಂತ ಬರೆದಿದ್ದಾರೆ. ಕೊನೆಯ "ಗೆ" ಮೇಲೆ ಫೋಟೋ ಮೂಲೆ ಬಂದು ಕೂತಿದೆ.

ಮಾವನ ಜೊತೆ ಚಿಕ್ಕಜ್ಜಿಯೇ ಫೋನಲ್ಲಿ ಮಾತಾಡಿದರು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. "ನನ್ನ ಫೋಟೋ ಹಾಕೋಕೆ ನಿನ್ನ ಕೇಳಬೇಕೇನೋ?" ಅಂದರು. ಆ ಕಡೆ ಸದ್ದೇ ಇಲ್ಲ. ಆದರೆ ಮಾವ ಒಂದು ಷರತ್ತು ಹಾಕಿದ್ದಾರೆ, ನನಗೂ ಅದು ಸರಿ ಅನ್ನಿಸಿತು. ಮದುವೆ ಫೋಟೋದಲ್ಲಿ ಊರಿನ ಹೆಸರು, ರೈಲಿನ ವಿವರ ಮಾತ್ರ. ಹೆಂಗಸರ ಹೆಸರು ಬೇಡ. ಶೆಡ್ಡಿನ ಫೋಟೋ ಹೆಸರುಗಳ ಸಮೇತ ಹಾಕಬಹುದು, ಆದರೆ ಆಯಾ ಮನೆಯವರು ಸಿಕ್ಕಷ್ಟು ಜನರನ್ನು ಕೇಳಿ. ಮೂಲ ಫೋಟೋಗಳು ಮಾವನ ಮನೆಯಲ್ಲೇ, ಅಟ್ಟದ ಬದಲು ಬೀರುವಿನಲ್ಲಿ.

ನೆಗೆಟಿವ್‌ಗಳನ್ನು ಡಬ್ಬಿಯಿಂದ ತೆಗೆದು ಲಕೋಟೆಗೆ ಹಾಕಿದ್ದೇನೆ. ಕೆಲವು ಸುಕ್ಕುಗಟ್ಟಿ ಹೋಗಿವೆ. ಕಿಟಕಿಯ ಫೋಟೋದ ನೆಗೆಟಿವ್ ಸಿಕ್ಕಿತು, ಚೆನ್ನಾಗಿದೆ. ಅದೇ ಸುರುಳಿಯಲ್ಲಿ ನಾವು ನೋಡೇ ಇರದ ಇನ್ನೊಂದಿದೆ. ತಾತ ಬೆಂಕಿಪೆಟ್ಟಿಗೆ ಬಾಗಿಲ ಮುಂದೆ ಸಲಿಕೆ ಮೇಲೆ ಏನನ್ನೋ ಇಟ್ಟುಕೊಂಡು ಕೂತಿದ್ದಾರೆ. ಸ್ಕ್ಯಾನ್ ಆದಮೇಲೆ ಹಾಕುತ್ತೇನೆ.

ಪುಟ್ಟ, ಕಲರ್ ಮಾಡಿ ಅಮ್ಮನಿಗೆ ತೋರಿಸಿದೆ ಕಣೋ. ಅಜ್ಜಿಯ ಸೀರೆಗೆ ನೀಲಿ ಬಂತು. ಚಿಕ್ಕಜ್ಜಿ ಪ್ರಕಾರ ಅದು ಅರಿಶಿನ ಬಣ್ಣ, ಕೆಂಪು ಅಂಚು. ಆ ಸೀರೆ ಟ್ರಂಕಿನಲ್ಲೇ ಇದೆ.

ಹಳೇ ಫೈರ್‌ಮನ್

ಮಾವಿನಕೆರೆ! ನಾನು ಮಂದಗೆರೆ ಅಂದುಕೊಂಡಿದ್ದೆ, ಹೋಗಲಿ ಬಿಡು.

ಸಲಿಕೆ ಮೇಲೆ ಇರೋದು ಮೊಟ್ಟೆ ಇರಬೇಕು, ಇಲ್ಲಾ ರೊಟ್ಟಿ. ಸಲಿಕೆ ತೊಳೆದು, ಬೆಂಕಿ ಮುಂದೆ ಹಿಡಿದರೆ ಒಂದು ನಿಮಿಷದಲ್ಲಿ ಬೇಯುತ್ತಿತ್ತು. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರಲ್ಲದಿದ್ದರೆ ಈ ಸಾಲನ್ನು ಚಿಕ್ಕಜ್ಜಿಗೆ ಓದಿ ಹೇಳಬೇಡ.

ಗ್ರೂಪ್ ಫೋಟೋದ ದೊಡ್ಡ ಸ್ಕ್ಯಾನ್ ಬಂದ ತಕ್ಷಣ ಇಲ್ಲಿ ಹಾಕು. ಕುರ್ಚಿ ಸಾಲಿನಲ್ಲಿ ನಡುವೆ ಹ್ಯಾಟ್ ಹಾಕಿಕೊಂಡು ಕೂತವರು ಇದ್ದಾರಾ ನೋಡು. ಅವರು ಶೆಡ್ ಫೋರ್‌ಮನ್. ಅವರ ಹೆಸರು ಸಿಕ್ಕರೆ ಯಾವ ವರ್ಷದಿಂದ ಯಾವ ವರ್ಷದ ತನಕ ಅರಸೀಕೆರೆಯಲ್ಲಿದ್ದರು ಅಂತ ಹುಡುಕೋಣ. ಮೈಸೂರಿನಲ್ಲಿ ನಮ್ಮ ರಿಟೈರ್ಡ್ ಸಂಘದವರು ತಿಂಗಳಿಗೊಂದು ಸಲ ಸೇರುತ್ತೇವೆ, ತೊಂಬತ್ತರ ಹತ್ತಿರ ಇರೋ ಇಬ್ಬರು ಬರುತ್ತಾರೆ. ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ. ಮೊಬೈಲಿನಲ್ಲಿ ತೋರಿಸಿದರೆ ಅವರಿಗೆ ಕಾಣಲ್ಲ.